ಬಂದೂಕಲ್ಲ, ಬಾಗಿಲು

ಏಪ್ರಿಲ್ 10, ಗುರುವಾರ

ನಮ್ಮ ಫಿನ್‌ಲ್ಯಾಂಡಿನಲ್ಲಿ ಸಭೆಗೆ ಹೋಗದವನನ್ನೇ ಹುದ್ದೆಗೆ ಆರಿಸುತ್ತಾರೆ. ಇದು ಗೊತ್ತಿದ್ದೂ ನಿನ್ನೆ ಸಂಜೆ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಗೆ ನಾನು ಹೋಗಲಿಲ್ಲ. ಬುಧವಾರ ಸಂಜೆ ಕೆಳಗಿನ ಸೌನಾದಲ್ಲಿ ನಮ್ಮ ಮನೆಯ ಸರದಿ. ಈ ಮನೆಗೆ ಬಂದಾಗಿನಿಂದ ಅದೇ ದಿನ, ಅದೇ ಹೊತ್ತು. ಒಂದು ಸಭೆಗೋಸ್ಕರ ಅದನ್ನು ಬಿಟ್ಟುಕೊಡುವಷ್ಟು ದೇಶಭಕ್ತ ನಾನಲ್ಲ. ನಾನು ಬಿಸಿ ಕಲ್ಲಿನ ಮೇಲೆ ನೀರೆರಚಿ ಬೆವರುತ್ತ ಕೂತಿದ್ದಾಗ ಮೇಲೆ ಎಲ್ಲರೂ ಕೈ ಎತ್ತಿ ನನ್ನನ್ನು ಕಟ್ಟಡದ ಬಾಂಬ್ ಶೆಲ್ಟರಿನ ಉಸ್ತುವಾರಿಗೆ ಹಾಕಿಬಿಟ್ಟರು.

ಇವತ್ತು ಗುರುವಾರ, ಅಂದರೆ ಇಡೀ ದೇಶದಲ್ಲಿ ಬಟಾಣಿ ಸಾರು ಮತ್ತು ಸಿಹಿ ದೋಸೆ. ನಾನು ಅಡುಗೆಯವನಾಗಿರುವ ಶಾಲೆಯ ಮಕ್ಕಳಿಗೆಲ್ಲ ಬಡಿಸಿ, ಕೈಯೆಲ್ಲ ಬಟಾಣಿ ವಾಸನೆ ಮಾಡಿಕೊಂಡು ಮನೆಗೆ ಬಂದರೆ ಮೆಟ್ಟಿಲ ಬಳಿ ತೈಸ್ತೊ ಕಾಯುತ್ತಿದ್ದರು. ನಮ್ಮ ಸಂಘದ ಅಧ್ಯಕ್ಷರು, ಮೀಸಲು ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಎಪ್ಪತ್ತು ದಾಟಿದರೂ ಬೆನ್ನು ಬಗ್ಗಿಲ್ಲ.

"ಅಭಿನಂದನೆ ಕಣಯ್ಯಾ ಇಲ್ಪೋ. ಅವಿರೋಧ ಆಯ್ಕೆ."

"ವಿರೋಧಿಸೋಕೆ ನಾನೇ ಇರಲಿಲ್ವಲ್ಲ."

"ಅದಕ್ಕೇ ಅವಿರೋಧ."

"ತೈಸ್ತೊ ಅವರೇ, ನಾನು ಸೈನ್ಯಕ್ಕೆ ಬರಲ್ಲ ಅಂತ ಬರೆದುಕೊಟ್ಟವನು. ಅದರ ಬದಲು ವೃದ್ಧಾಶ್ರಮದ ಅಡುಗೆಮನೇಲಿ ಪಾತ್ರೆ ತಿಕ್ಕಿದವನು. ಇಡೀ ಬಿಲ್ಡಿಂಗಿಗೆ ಗೊತ್ತು."

"ಗೊತ್ತಪ್ಪಾ. ನೀನು ಬಂದೂಕು ಹಿಡಿಯಲ್ಲ ಅಂದೆ. ಇದು ಬಂದೂಕಲ್ಲ, ಬಾಗಿಲು. ತಗೋ ಬೀಗದ ಕೈ."

ತೆಗೆದುಕೊಂಡೆ. ಮುಂದಿನ ವರ್ಷದ ಸಭೆಗೆ ಮೊದಲು ಹೋಗಿ ಕೂರುವವನು ನಾನೇ.

ಏಪ್ರಿಲ್ 13, ಭಾನುವಾರ

ಮಗಳು ಹಿಲ್ಲಾ ಊಟದ ಮೇಜಿನಲ್ಲಿ ಹೇಳಿದಳು. ಸೈನ್ಯಕ್ಕೆ ಅರ್ಜಿ ಹಾಕಿದ್ದಳಂತೆ, ಆಯ್ಕೆಯೂ ಆಗಿದೆಯಂತೆ, ಜುಲೈಯಲ್ಲಿ ಸೇರಬೇಕಂತೆ. ಹುಡುಗರಿಗೆ ಕಡ್ಡಾಯ, ಹುಡುಗಿಯರಿಗಲ್ಲ. ಇವಳೇ ಕೇಳಿಕೊಂಡು ಹೋಗುತ್ತಿದ್ದಾಳೆ. ಹೆಂಡತಿ ಮೇರ್ವಿಗೆ ಮೊದಲೇ ಗೊತ್ತಿತ್ತು ಎಂದು ಅವಳು ಆಲೂಗಡ್ಡೆ ಸುಲಿಯುವ ರೀತಿಯಲ್ಲೇ ತಿಳಿಯಿತು.

ನಾನು "ಹೌದಾ" ಎಂದೆ. ಎದ್ದು ಪಾತ್ರೆ ತೊಳೆದೆ.

ನನಗೆ ಹತ್ತೊಂಬತ್ತಾಗಿದ್ದಾಗ ನಾನೂ ಇಂಥದೇ ಮೇಜಿನಲ್ಲಿ ಹೇಳಿದ್ದೆ, ಸೈನ್ಯಕ್ಕೆ ಹೋಗುವುದಿಲ್ಲ ಎಂದು. ಅಪ್ಪ ಗಡಿ ಕಾವಲು ಪಡೆಯಲ್ಲಿದ್ದವರು. ಅವರ ಬೂಟುಗಳನ್ನು ಒರೆಸಿ ಹೊಳಪು ಬರಿಸುವುದು ಚಿಕ್ಕಂದಿನಿಂದ ನನ್ನ ಕೆಲಸವಾಗಿತ್ತು. ಆ ದಿನದಿಂದ ಬೂಟುಗಳನ್ನು ಅವರೇ ಒರೆಸಿಕೊಂಡರು. ನನ್ನ ಜೊತೆ ಮಾತಾಡಲಿಲ್ಲ. ಒಂದು ವಾರವಲ್ಲ, ಒಂದು ತಿಂಗಳಲ್ಲ, ಸಾಯುವವರೆಗೂ. ಅಂಥ ಹಟದ ಮನುಷ್ಯ.

ನಾನು ಹಾಗಲ್ಲ. ಹಿಲ್ಲಾಳ ಮೇಲೆ ನನಗೆ ಸಿಟ್ಟಿಲ್ಲ. ಹೇಳಲು ಏನೂ ಇಲ್ಲ, ಅಷ್ಟೇ.

ಏಪ್ರಿಲ್ 26, ಶನಿವಾರ

ಹೊರಗಿನ ಮರದ ಬಾಗಿಲಿನ ಬೀಗ ತೆಗೆದು ಶೆಲ್ಟರಿಗೆ ಹೋದೆ. ಉಕ್ಕಿನ ಬಾಗಿಲು ಗೋಡೆಗೆ ಒರಗಿ ಹಾಗೇ ತುಕ್ಕು ಹಿಡಿದಿದೆ. ಅದನ್ನು ಯಾರೂ ಮುಚ್ಚಿದ್ದೇ ಇಲ್ಲ. ಒಳಗೆ ಸ್ಕೀಗಳು, ಜಾರುಬಂಡಿ, ತೊಟ್ಟಿಲು, ತೂತುಬಿದ್ದ ರಬ್ಬರ್ ದೋಣಿ, ಯಾರದೋ ವಿಚ್ಛೇದನದಲ್ಲಿ ಯಾರಿಗೂ ಬೇಡವಾದ ಸೋಫಾ. ಮೂಲೆಯಲ್ಲಿ ದೊಡ್ಡದೊಂದು ಫ್ರೀಜರ್ ಗುಂಯ್‌ಗುಡುತ್ತಿತ್ತು.

ಫ್ರೀಜರ್ ತೈಸ್ತೊ ಅವರದು. ಬೇಟೆಯ ಕಡವೆ ಮಾಂಸ, ಕಾಡಿನ ಹಣ್ಣು. ಅವರೇ ಬಂದು ಮುಚ್ಚಳ ತೆರೆದು ಹೆಮ್ಮೆಯಿಂದ ತೋರಿಸಿದರು. ಆಮೇಲೆ ಅದರ ಮೇಲೇ ಕೂತು ನನಗೆ ರಕ್ಷಣಾ ನೀತಿಯ ಪಾಠ ಮಾಡಿದರು.

"ಟ್ಯಾಂಕು ಬರತ್ತೆ ಅಂತ ಗಡೀಲಿ ಕಾಯೋ ಕಾಲ ಹೋಯ್ತು ಇಲ್ಪೋ. ಈಗ ಮೊದಲು ಹೋಗೋದು ಕರೆಂಟು. ಆಮೇಲೆ ಫೋನು, ನೀರು. ಸಮುದ್ರದ ತಳದಲ್ಲಿ ಕೇಬಲ್ ತುಂಡಾಗತ್ತೆ, ಯಾರು ಮಾಡಿದ್ದು ಅಂತಾನೇ ಗೊತ್ತಾಗಲ್ಲ. ಆಕಾಶದಲ್ಲಿ ಡ್ರೋನು. ಬಜೆಟ್ಟಲ್ಲಿ ವಿಮಾನ ಕೊಂಡುಬಿಟ್ರೆ ರಕ್ಷಣೆ ಅಲ್ಲ. ಇಂಥ ಕೋಣೆ ಗಟ್ಟಿ ಇದ್ರೆ ರಕ್ಷಣೆ. ಜನ ಉಳಿದ್ರೆ ದೇಶ."

"ಹಾಗಾದ್ರೆ ಮಾಂಸ ಖಾಲಿ ಮಾಡಿ."

"ಶ್ರಮದಾನದ ದಿನ ನೋಡೋಣ," ಎಂದು ಎದ್ದು ಹೋದರು.

ಉಪದೇಶ ಕೊಡುವವರಿಗೆ ಕೂರಲು ಯಾವತ್ತೂ ತಂಪಾದ ಜಾಗ ಸಿಗುತ್ತದೆ.

ಮೇ 5, ಸೋಮವಾರ

ತಿಂಗಳ ಮೊದಲ ಸೋಮವಾರ. ಹನ್ನೆರಡಕ್ಕೆ ಊರಿನ ಸೈರನ್ ಪರೀಕ್ಷೆ. ಕ್ಯಾಂಟೀನಿನಲ್ಲಿ ಮಕ್ಕಳು ಎಂದಿನಂತೆ ತಲೆ ಎತ್ತದೆ ಮೀನಿನ ಕಟ್ಲೆಟ್ ತಿಂದರು. ನಾನು ಮಾತ್ರ ಸೌಟು ಹಿಡಿದು ಅದು ನಿಲ್ಲುವವರೆಗೂ ಕೇಳಿಸಿಕೊಂಡೆ. ಯಾಕೆ ಅಂತ ಗೊತ್ತಿಲ್ಲ.

ಸಂಜೆ ಶೆಲ್ಟರಿನ ಬಾಗಿಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದಾಗ ಮೂರನೇ ಮಹಡಿಯ ಜಿನೈದಾ ಬಂದು ನಿಂತಳು. ಗಡಿಯಾಚೆಯ, ಈ ಶೆಲ್ಟರು ಯಾವ ದೇಶಕ್ಕೆ ಹೆದರಿ ಕಟ್ಟಿದ್ದೋ ಆ ದೇಶದ, ವೀಬೊರ್ಗ್‌ನವಳು, ಇಲ್ಲಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಊರು ಲಪ್ಪೇನ್‌ರಂತದಿಂದ ಅವಳ ತವರು ಒಂದು ಗಂಟೆಯ ದಾರಿ. ಗಡಿ ಮುಚ್ಚಿದ ಮೇಲೆ ಅವಳು ತನ್ನ ತಾಯಿಯ ಮುಖ ನೋಡಿಲ್ಲ.

"ಇಲ್ಪೋ, ಒಂದು ಕೇಳ್ಲಾ? ನಗಬಾರದು. ಅಂಥ ದಿನ ಬಂದ್ರೆ ಇದರೊಳಗೆ ನಂಗೂ ಜಾಗ ಇರತ್ತಾ?"

"ಬಾಗಿಲಿಗೆ ಪಾಸ್‌ಪೋರ್ಟ್ ಓದೋಕೆ ಬರಲ್ಲ ಜಿನೈದಾ."

"ಬಾಗಿಲಿಗೆ ಬರಲ್ಲ. ಜನಕ್ಕೆ ಬರತ್ತೆ."

"ಬೀಗದ ಕೈ ನನ್ನ ಹತ್ರ ಇದೆ," ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು, ಯಾವುದೋ ಕೋಟೆಯ ದೊರೆಯ ಹಾಗೆ ಮಾತಾಡಿಬಿಟ್ಟೆನಲ್ಲ ಎಂದು. ಅವಳು ಮಾತ್ರ ನಗಲಿಲ್ಲ. ನನ್ನ ಕೈಯಿಂದ ಎಣ್ಣೆಯ ಡಬ್ಬಿ ತೆಗೆದುಕೊಂಡು ಕೆಳಗಿನ ಕೀಲಿಗೆ ಅವಳೇ ಬಿಟ್ಟಳು.

ಮೇ 17, ಶನಿವಾರ

ಶ್ರಮದಾನ. ಇಡೀ ಕಟ್ಟಡದವರು ಅಂಗಳ ಗುಡಿಸಿದರು, ಸಾಸೇಜ್ ಸುಟ್ಟರು, ಶೆಲ್ಟರಿನಿಂದ ತಮ್ಮ ಸಾಮಾನು ಹೊತ್ತರು. ಬೇಡದ ಸೋಫಾವನ್ನು ನಾನೂ ಹಿಲ್ಲಾಳೂ ಹಿಡಿದೆವು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಹಾಕಿಕೊಂಡಿತು. ನಾನು ಮೇಲೆ, ಅವಳು ಕೆಳಗೆ, ನಡುವೆ ಸೋಫಾ. ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ.

"ಅಪ್ಪಾ, ಒಂದು ತಿಂಗಳಿಂದ ನೀನು ನಂಗೆ 'ಉಪ್ಪು ಕೊಡು' ಅಂತ ಬಿಟ್ರೆ ಬೇರೆ ಮಾತಾಡಿಲ್ಲ."

"ಹಾಗೇನಿಲ್ಲ."

"ಸೈನ್ಯಕ್ಕೆ ಬರಲ್ಲ ಅಂತ ಹೇಳೋಕೆ ಆ ಕಾಲದಲ್ಲಿ ನಿಂಗೆ ಎಷ್ಟು ಧೈರ್ಯ ಬೇಕಾಗಿತ್ತು ಅಂತ ಅಮ್ಮ ಹೇಳ್ತಿರ್ತಾಳೆ. ಹೋಗ್ತೀನಿ ಅಂತ ನಿಂಗೆ ಹೇಳೋಕೆ ನಂಗೂ ಅಷ್ಟೇ ಧೈರ್ಯ ಬೇಕಾಯ್ತು."

"ಸ್ವಲ್ಪ ಎಡಕ್ಕೆ ಎತ್ತು," ಎಂದೆ.

ಎತ್ತಿದಳು. ಸೋಫಾ ಬಿಡಿಸಿಕೊಂಡಿತು. ಮೇಲೆ ಬಂದ ಮೇಲೆ ಅವಳು ತೋಳಿನಲ್ಲಿ ಬೆವರು ಒರೆಸಿಕೊಂಡು ಸಾಸೇಜ್ ತಿನ್ನಲು ಹೋದಳು. ನನಗೆ ಹಸಿವಿರಲಿಲ್ಲ.

ಫ್ರೀಜರ್ ಒಂದು ಉಳಿದಿದೆ. ತೈಸ್ತೊಗೆ ಇವತ್ತು ಬೆನ್ನುನೋವಂತೆ.

ಜೂನ್ 2, ಸೋಮವಾರ

ಶಾಲೆಗೆ ರಜೆ ಶುರುವಾಗಿದೆ. ಸೈರನ್ ಆಗುವಾಗ ಅಂಗಡಿಯಲ್ಲಿದ್ದೆ. ನೀರಿನ ಕ್ಯಾನು, ಬ್ಯಾಟರಿ ರೇಡಿಯೋ, ವಿಕಿರಣದ ದಿನಕ್ಕೆಂದು ಅಯೋಡಿನ್ ಮಾತ್ರೆ, ಮೇಣದಬತ್ತಿ ತಂದೆ. ಮೇರ್ವಿ ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಚೀಲ ಇಣುಕಿ ಸೆಲ್ಯೂಟ್ ಹೊಡೆದಳು.

"ಏನಪ್ಪಣೆ, ಕಮಾಂಡರ್?"

ಸೈಕಲ್ಲನ್ನು ಶೆಲ್ಟರಿನ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದವನೊಬ್ಬನಿಗೆ ಬೆಳಿಗ್ಗೆ ನಾನು ಬೈದದ್ದು ಆಗಲೇ ಅವಳಿಗೆ ಮುಟ್ಟಿತ್ತು. ಸಂಘದ ಕೆಲಸ, ಮಾಡುತ್ತಿದ್ದೇನೆ. ಇದರಲ್ಲಿ ನನಗೆ ಅಂಥ ಆಸಕ್ತಿಯೇನಿಲ್ಲ.

ಜೂನ್ 12, ಗುರುವಾರ

ಇವತ್ತಿನದು ವಿವರವಾಗಿ ಬರೆಯಬೇಕು.

ಶೆಲ್ಟರಿನ ಗಾಳಿಯ ಪರೀಕ್ಷೆ ಇತ್ತು. ಬಾಗಿಲು ಮುಚ್ಚಿ ಗಾಳಿಯಂತ್ರ ಓಡಿಸಿದರೆ ಒಳಗೆ ಒತ್ತಡ ಏರಬೇಕು. ಏರಿದರೆ ಹೊರಗಿನ ವಿಷ ಒಳಗೆ ನುಗ್ಗುವುದಿಲ್ಲ. ಕರೆಂಟು ಹೋದರೆ ಯಂತ್ರವನ್ನು ಕೈಯಲ್ಲೇ ತಿರುಗಿಸಲು ಒಂದು ಹಿಡಿ ಇದೆ. ಹಿಲ್ಲಾ ತಾನೇ ತಿರುಗಿಸುತ್ತೇನೆಂದು ಬಂದಳು. ತೈಸ್ತೊ ಕೈಯನ್ನು ಬೆನ್ನ ಹಿಂದೆ ಕಟ್ಟಿ ಒತ್ತಡದ ಮಾಪಕದ ಮುಳ್ಳು ನೋಡುತ್ತ ನಿಂತರು.

ಮುಳ್ಳು ಮಿಸುಕಲಿಲ್ಲ. ಹಿಲ್ಲಾ ಕೆಂಪಾಗುವವರೆಗೆ ತಿರುಗಿಸಿದಳು, ಆಮೇಲೆ ನಾನು ತಿರುಗಿಸಿದೆ. ಊಹೂಂ.

"ಬಾಗಿಲಿನ ರಬ್ಬರ್ ಹೋಗಿರತ್ತೆ," ಎಂದರು ತೈಸ್ತೊ. "ಸರ್ಕಾರ ದಶಕಗಳಿಂದ ನಿದ್ದೆ ಮಾಡಿದ್ದರ ಫಲ ಇದು."

ಹಿಲ್ಲಾ ಮೇಣದಬತ್ತಿ ಹಚ್ಚಿದಳು. ನಾನು ತಿರುಗಿಸುತ್ತಿದ್ದಂತೆ ಅದನ್ನು ಗೋಡೆಯುದ್ದಕ್ಕೂ ಮೆಲ್ಲಗೆ ಹಿಡಿದುಕೊಂಡು ಹೋದಳು. ಬಾಗಿಲ ಬಳಿ ಜ್ವಾಲೆ ನೆಟ್ಟಗೇ ಇತ್ತು. ಫ್ರೀಜರಿನ ಹಿಂದೆ ಹಿಡಿದಾಗ ಗೋಡೆಯತ್ತ ಬಾಗಿ ಆರಿಹೋಯಿತು. ಇಣುಕಿದರೆ ಅಲ್ಲಿ ಹೆಬ್ಬೆರಳಿನಷ್ಟು ದಪ್ಪದ ತೂತು. ಒಳಗಿಂದ ಫ್ರೀಜರಿನ ವೈರು ಆಚೆಯ ಸೌನಾದ ಪ್ಲಗ್ಗಿಗೆ ಹೋಗಿತ್ತು.

ದೇಶದ ರಕ್ಷಣೆಯ ಬಗ್ಗೆ ಉಸಿರು ಬಿಡದೆ ಮಾತಾಡುವ ಮನುಷ್ಯ ಕಡವೆ ಮಾಂಸಕ್ಕೋಸ್ಕರ ಶೆಲ್ಟರಿನ ಗೋಡೆ ಕೊರೆದಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನನ್ನ ಬಾಯಲ್ಲಿ ಒಳ್ಳೊಳ್ಳೆ ಮಾತುಗಳು ಬಂದು ಕೂತಿದ್ದವು. ಏಪ್ರಿಲ್‌ನಿಂದ ಕಾದಿದ್ದೆ.

ತೈಸ್ತೊ ಫ್ರೀಜರಿನ ಮೇಲೆ ಕೂತರು. ಈ ಸಲ ಬೆನ್ನು ಬಗ್ಗಿತ್ತು.

"ಹದಿನೈದು ವರ್ಷದ ಹಿಂದೆ," ಎಂದರು. "ಆಗ ಎಲ್ಲರೂ ಹೇಳ್ತಿದ್ರು, ಇನ್ನು ಯುದ್ಧ ಎಲ್ಲಿ ಬರತ್ತೆ, ಆ ಕಾಲ ಮುಗೀತು ಅಂತ. ನಾನು ಭಾಷಣದಲ್ಲಿ ಇಲ್ಲ ಇಲ್ಲ ಅಂತಿದ್ದೆ. ಆದ್ರೆ ಒಳಗೊಳಗೆ ನಾನೂ ನಂಬಿಬಿಟ್ಟಿದ್ದೆ ಕಣಯ್ಯಾ."

ಹಿಲ್ಲಾ ಅವರ ಪಕ್ಕದಲ್ಲಿ ಹೋಗಿ ಕೂತಳು. "ಬಿಡಿ ಅಜ್ಜ. ಎಲ್ಲರ ಮನೆ ದೋಸೆನೂ ತೂತೇ," ಎಂದಳು.

ನಾನು ಬಾಯಲ್ಲಿದ್ದ ಮಾತನ್ನೆಲ್ಲ ನುಂಗಿಕೊಂಡೆ. ನನ್ನ ಮಗಳು ನನಗಿಂತ ಒಳ್ಳೆಯವಳು. ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ, ಅವಳಿಗೆ ಹೇಳಿಲ್ಲ.

ಜೂನ್ 20, ಶುಕ್ರವಾರ

ನಡುಬೇಸಿಗೆಯ ಹಬ್ಬ. ಫ್ರೀಜರ್ ಖಾಲಿಯಾಯಿತು. ಅಂಗಳದಲ್ಲಿ ಶಾಲೆಯ ದೊಡ್ಡ ಪಾತ್ರೆ ಇಟ್ಟು ಅಷ್ಟೂ ಮಾಂಸವನ್ನು ನಾನೇ ಬೇಯಿಸಿದೆ. ಜಿನೈದಾ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಂದಳು. ತೈಸ್ತೊ ಎರಡು ಸಲ ಹಾಕಿಸಿಕೊಂಡು, "ತಪ್ಪಿಗೆ ಇಷ್ಟು ರುಚಿ ಇರತ್ತೆ ಅಂತ ಗೊತ್ತಿರಲಿಲ್ಲ" ಎಂದು ಎಲ್ಲರೆದುರೇ ಒಪ್ಪಿಕೊಂಡರು. ಹತ್ತು ಗಂಟೆಯಾದರೂ ಬಿಸಿಲಿತ್ತು. ಯಾರೂ ಮನೆಗೆ ಹೋಗಲಿಲ್ಲ.

ಜುಲೈ 7, ಸೋಮವಾರ

ಹೋದಳು.

ಬೆಳಿಗ್ಗೆ ನಿಲ್ದಾಣಕ್ಕೆ ಮೇರ್ವಿ ಕರೆದುಕೊಂಡು ಹೋದಳು. ನಾನು ದಾರಿಗೆ ರೈ ಬ್ರೆಡ್ಡು, ಮೊಟ್ಟೆ ಬೆಣ್ಣೆ ಕಟ್ಟಿಕೊಟ್ಟು, ಶೆಲ್ಟರಿನ ಗೋಡೆಗೆ ಸುಣ್ಣ ಹೊಡೆಯಬೇಕೆಂದು ಕೆಳಗಿಳಿದೆ. ಹಿಲ್ಲಾ ಬೆನ್ನಿಗೆ ಚೀಲ ಹಾಕಿಕೊಂಡು ಅಲ್ಲಿಗೇ ಬಂದಳು. ಬಾಗಿಲಲ್ಲಿ ನಿಂತಳು.

"ಹೋಗಿ ಬರ್ತೀನಿ ಅಪ್ಪಾ."

"ಸಾಕ್ಸ್ ಸಾಕಷ್ಟು ಇದೆಯಾ?"

"ಇದೆ."

ಬೆನ್ನಿನ ಚೀಲದ ಪಟ್ಟಿ ಬಿಗಿ ಮಾಡಿಕೊಂಡಳು. ಆಮೇಲೆ ಹೋದಳು.

ಹನ್ನೆರಡಕ್ಕೆ ಸೈರನ್ ಆಯಿತು. ಶೆಲ್ಟರಿನೊಳಗೆ ಅದು ಬಹಳ ದೂರದಿಂದ ಬಂದಂತೆ ಕೇಳುತ್ತದೆ. ಹೊಡೆದ ಗೋಡೆಗೇ ಇನ್ನೊಂದು ಸಲ ಸುಣ್ಣ ಹೊಡೆದೆ.

ಜುಲೈ 20, ಭಾನುವಾರ

ಫೋನ್ ಮಾಡಿದ್ದಳು. ಮೇರ್ವಿ ನಗುತ್ತ ತುಂಬ ಹೊತ್ತು ಮಾತಾಡಿ ಫೋನ್ ನನ್ನ ಕೈಗೆ ತುರುಕಿದಳು. ಡ್ರೋನ್ ಪತ್ತೆ ಮಾಡುವ ತಂಡಕ್ಕೆ ಹಾಕಬಹುದಂತೆ. ಗುರುವಾರ ಅಲ್ಲೂ ಬಟಾಣಿ ಸಾರೇ ಅಂತೆ.

"ಹೇಗಿದೆ ಸಾರು?"

"ನಿನ್ನಷ್ಟು ಚೆನ್ನಾಗಿ ಮಾಡಲ್ಲ."

"ಮಾಡೋಕಾಗಲ್ಲ."

ಅಷ್ಟರಲ್ಲಿ ಹಿಲ್ಲಾಳನ್ನೂ ಅವಳ ಜೊತೆಯವರನ್ನೂ ಸಾಲಿಗೆ ಕರೆದರು.

ಆಗಸ್ಟ್ 4, ಸೋಮವಾರ

ಪ್ರಮಾಣವಚನ ಇದೇ 22ಕ್ಕೆ. ಮನೆಯವರು ಬರಬೇಕಂತೆ. ಆ ದಿನ ಶಾಲೆಯಿದೆ, ಅಡುಗೆಯಿದೆ ಎಂದೆ. ಮೇರ್ವಿ ಕ್ಯಾಲೆಂಡರಿನಲ್ಲಿ 22ರ ಸುತ್ತ ಕೆಂಪು ಗೆರೆ ಎಳೆದಳು.

ಸಂಜೆ ತೈಸ್ತೊ ಜೊತೆ ತೂತು ಮುಚ್ಚಿದೆವು. ಸಿಮೆಂಟು ಅವರೇ ಕಲಸಿದರು.

"22ಕ್ಕೆ ಹೋಗ್ತಿದೀಯಾ?"

"ಆಯುಧ ಹಿಡಿದು ಪ್ರಮಾಣ ಮಾಡೋ ಜಾಗದಲ್ಲಿ ನಂಗೇನು ಕೆಲಸ?"

ಅವರು ಸಿಮೆಂಟನ್ನು ತೂತಿಗೆ ಒತ್ತುತ್ತ ಕೇಳಿದರು, "ನಿಮ್ಮಪ್ಪ ನಿನ್ನ ಮದುವೆಗೆ ಬಂದಿದ್ರಾ?"

"ಚರ್ಚಿನ ತನಕ ಬಂದಿದ್ರು. ಒಳಗೆ ಬರಲಿಲ್ಲ. ಹೊರಗೆ ಕಾರಲ್ಲಿ ಕೂತಿದ್ರು. ಕಿಟಕಿಯಿಂದ ನೋಡ್ದೆ, ಗಾಜು ಏರಿಸಿಕೊಂಡು ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡಿದ್ರು. ನಾವು ಹೊರಗೆ ಬರೋಷ್ಟರಲ್ಲಿ ಕಾರಿರಲಿಲ್ಲ. ಆ ಚಳಿಗಾಲದಲ್ಲೇ ಹೋಗಿಬಿಟ್ರು."

"ಹುಂ," ಎಂದರು ತೈಸ್ತೊ. ಕರಣೆ ತೊಳೆಯಲು ಹೋದರು. ಅವರ ಸಂಶಯ ಏನೆಂದು ನನಗೆ ಗೊತ್ತು. ಇದು ಬೇರೆ, ಅದು ಬೇರೆ.

ಆಗಸ್ಟ್ 15, ಶುಕ್ರವಾರ

ಮರುಪರೀಕ್ಷೆ. ಉಕ್ಕಿನ ಬಾಗಿಲು ಎಳೆದು ಹಿಡಿಗಳನ್ನು ಬಿಗಿ ಮಾಡಿದೆ. ಜಿನೈದಾ ಗಾಳಿಯಂತ್ರ ತಿರುಗಿಸಿದಳು. ಮುಳ್ಳು ಏರಿತು. ಏರಿ ನಿಂತಿತು. ತೈಸ್ತೊ ನನ್ನ ಕೈ ಕುಲುಕಿದರು, ಜಿನೈದಾ ಇಬ್ಬರನ್ನೂ ಅಪ್ಪಿಕೊಂಡಳು.

ಸಂತೋಷವಾಯಿತು. ತುಂಬ ಸಂತೋಷವಾಯಿತು. ಫೋನ್ ತೆಗೆದು ಹಿಲ್ಲಾಳಿಗೆ ಹೇಳೋಣವೆಂದುಕೊಂಡೆ. ಅವಳು ಅಭ್ಯಾಸದಲ್ಲಿರುತ್ತಾಳೆ ಎಂದು ಮತ್ತೆ ಜೇಬಿಗೆ ಹಾಕಿದೆ.

ಆಗಸ್ಟ್ 22, ಶುಕ್ರವಾರ

ಮೇರ್ವಿಯ ಕಾರಿನ ಬ್ರೇಕು ಸರಿಯಿರಲಿಲ್ಲ, ಹಾಗಾಗಿ ನನ್ನ ಕಾರಿನಲ್ಲಿ ನಾನೇ ಬಿಟ್ಟುಬರುವುದಾಯಿತು. ಶಾಲೆಗೆ ನಿನ್ನೆಯೇ ರಜೆ ಹಾಕಿದ್ದೆ. ಇಸ್ತ್ರಿ ಮಾಡಿದ ಅಂಗಿ ಹೇಗೂ ಒಂದು ಇತ್ತು, ಹಾಕಿಕೊಂಡೆ.

ಮೈದಾನದ ಪಕ್ಕದಲ್ಲಿ ಕಾರು ನಿಲ್ಲಿಸಿದೆ. ಮೇರ್ವಿ ಇಳಿದಳು.

"ಬರಲ್ವಾ?"

"ಕಾರು ನೋಡ್ಕೋತೀನಿ."

"ಸೈನ್ಯದ ಮೈದಾನದಲ್ಲಿ ಕಾರು ಕದೀತಾರಾ?" ಎಂದವಳು ಉತ್ತರಕ್ಕೆ ಕಾಯದೆ ಹೋದಳು. ಬಾಗಿಲನ್ನು ಹಾಗೇ ತೆರೆದಿಟ್ಟು ಹೋದಳು.

ಕೂತೆ. ವಾದ್ಯದವರು ಬಾರಿಸಿದರು, ನಿಲ್ಲಿಸಿದರು. ಆಮೇಲೆ ಪ್ರಮಾಣವಚನ ಶುರುವಾಯಿತು. ನೂರಾರು ಎಳೆಯ ಗಂಟಲುಗಳು ಒಟ್ಟಿಗೆ. ಅದರಲ್ಲಿ ಒಂದು ನನ್ನ ಮಗಳದು. ಯಾವುದೆಂದು ಹಿಡಿಯಲು ನೋಡಿದೆ, ಸಿಗಲಿಲ್ಲ. ಸದ್ದು ತಡೆಯಲಾಗದೆ ಮೇರ್ವಿ ಬಿಟ್ಟುಹೋದ ಬಾಗಿಲನ್ನು ಎಳೆದುಕೊಳ್ಳಲು ಕೈ ಚಾಚಿದೆ. ಇನ್ನೊಂದು ಕೈ ಸ್ಟೇರಿಂಗ್ ಮೇಲೇ ಇತ್ತು. ಅದನ್ನು ನೋಡಿದೆ. ಅಪ್ಪನದೇ ಕೈ. ಅದೇ ಗೆಣ್ಣು, ಅದೇ ಹಿಡಿತ.

ಗಾಜು ಏರಿಸಿಕೊಂಡಿದ್ದರೂ ಅಪ್ಪನಿಗೆ ಆ ದಿನ ಚರ್ಚಿನ ಹಾಡು ಕೇಳಿಸಿರಬೇಕು. ಅಷ್ಟು ಹತ್ತಿರದಲ್ಲಿದ್ದರು. ಅವರಿಗೆ ಸಿಟ್ಟಿದೆಯೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಇಳಿಯಲು ಗೊತ್ತಾಗಲಿಲ್ಲ ಅವರಿಗೆ, ಅಷ್ಟೇ.

ನಾನು ಇಳಿದೆ. ಎರಡೂ ಬಾಗಿಲನ್ನು ಹೊರಗಿನಿಂದ ಮುಚ್ಚಿದೆ.

ಪ್ರಮಾಣವಚನ ಮುಗಿದು ಸಾಲು ಒಡೆದಿತ್ತು. ಶುಕ್ರವಾರವಾದರೂ ದೊಡ್ಡ ಹಂಡೆಗಳಿಂದ ಎಲ್ಲರಿಗೂ ಬಟಾಣಿ ಸಾರೇ ಬಡಿಸುತ್ತಿದ್ದರು. ನಾನೂ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತೆ. ಹಸಿರು ಸಮವಸ್ತ್ರದವರೆಲ್ಲ ಒಂದೇ ಥರ ಕಾಣುತ್ತಿದ್ದರು. ಅವರಲ್ಲೊಬ್ಬರು ನನ್ನ ಮುಂದೆ ಬಂದು ನಿಂತಾಗ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಬಿಸಿಲಿಗೆ ಮೂಗು ಸುಲಿದಿತ್ತು, ಜಡೆಯನ್ನು ಬಿಗಿಯಾಗಿ ಹೆಣೆದಿದ್ದಳು.

"ಕಾರು ಯಾರು ನೋಡ್ಕೋತಿದಾರೆ?" ಎಂದಳು. ಮೇರ್ವಿ ಆಗಲೇ ಹೇಳಿಬಿಟ್ಟಿದ್ದಳು.

ನಾನು ಸಾರು ಬಾಯಿಗಿಟ್ಟೆ. "ಉಪ್ಪು ಕಡಿಮೆ. ಬಟಾಣಿ ಸರಿಯಾಗಿ ನೆನೆದಿಲ್ಲ."

"ಹೋಗಿ ಮೇಜರ್‌ಗೆ ಹೇಳು."

"ಶೆಲ್ಟರಿನ ಮುಳ್ಳು ಏರಿತು ಕಣೇ."

"ತೈಸ್ತೊ ಅಜ್ಜ ಅವತ್ತೇ ಫೋನ್ ಮಾಡಿ ಹೇಳಿದ್ರು. ನೀನು ಮಾಡ್ತೀಯೇನೋ ಅಂತ ಕಾದಿದ್ದೆ."

ಬಟ್ಟಲು ನೋಡುತ್ತಲೇ ಹೇಳಿದೆ. ಮುಖ ನೋಡಿದ್ದರೆ ಆಗುತ್ತಿರಲಿಲ್ಲ. "ಏಪ್ರಿಲಲ್ಲೇ ಹೇಳಬೇಕಾಗಿತ್ತು. ನೀನು ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಅಂದುಕೊಳ್ಳಲಿಲ್ಲ. ನಂಗೆ ಭಯ ಆಗಿತ್ತು. ನಿಂಗೇನಾದ್ರೂ ಆದ್ರೆ ಅಂತ. ಈಗ್ಲೂ ಭಯ ಇದೆ."

ಅವಳು ಮುಖವನ್ನು ಗಂಟು ಹಾಕಿಕೊಂಡು, ನನ್ನದೇ ದನಿಯಲ್ಲಿ, "ಹೌದಾ," ಎಂದಳು.

ಮೊದಲು ಅವಳು ನಕ್ಕಳೋ ನಾನೋ ತಿಳಿಯದು. ನಗುತ್ತ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಾಗ ನನ್ನ ಬಟ್ಟಲು ವಾಲಿ ಸಾರೆಲ್ಲ ಅವಳ ಬೂಟಿನ ಮೇಲೆ ಚೆಲ್ಲಿತು. "ಅಯ್ಯೋ ಅಪ್ಪಾ, ಇನ್ನೂ ತಪಾಸಣೆ ಇದೆ!" ಎಂದಳು. ನಾನು ಅಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ ಕರವಸ್ತ್ರದಿಂದ ಒರೆಸಿದೆ. ಅಪ್ಪನ ಮನೆ ಬಿಟ್ಟ ಮೇಲೆ ನಾನು ಸೈನ್ಯದ ಬೂಟು ಒರೆಸಿದ್ದು ಇದೇ ಮೊದಲು. ಹೊಲಿಗೆಯ ಸಂದಿನಲ್ಲಿ ಬಟಾಣಿ ಉಳಿದಿದೆಯೆಂದು ಅವಳು ಎಡಗಾಲನ್ನು ಇನ್ನೊಂದು ಸಲ ಮುಂದೆ ಚಾಚಿದಳು.